ಹಗೇವಿನೊಳಗಿನ ಹಸಿರು ದೀಪ

“ಮೇಷ್ಟ್ರೇ, ನನ್ನ ಹಸಿರು ದೀಪ ನಡುನಡುವೆ ತಡವರಿಸುತ್ತದೆ. ಅದನ್ನು ಕರ್ನಲ್ ಕೈಗೆ ಕೊಟ್ಟುಬಿಡಲೇ?”

ಕೇಳಿದವಳು ಸುಪ್ರಭಾ. ವೃಷಭೇಂದ್ರಪ್ಪ ಮೇಷ್ಟ್ರ ಬಳಿ ಕಂಪ್ಯೂಟರಿನ ಒಳಗಿನ ವಿದ್ಯೆ ಕಲಿಯಲು ಬರುತ್ತಿದ್ದವರಲ್ಲಿ ಅವಳೇ ಚುರುಕು, ಅವಳೇ ಅವಸರದವಳು. ಓದು ಮುಗಿಸಿ ಒಂದು ಸಣ್ಣ ಕಾರ್ಖಾನೆ ಸೇರಿದ್ದಳು. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ತೊಟ್ಟಿಲು ಅಲ್ಲಿ ತಯಾರಾಗುತ್ತಿತ್ತು. ತೊಟ್ಟಿಲಿನ ಶಾಖ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರಿನ ಕೆಲಸ ಅವಳ ಪಾಲಿಗೆ ಬಂದಿತ್ತು. ಅದರ ಮೇಲೊಂದು ಹಸಿರು ದೀಪ. ಎಲ್ಲ ಸರಿಯಿದ್ದರೆ ಅದು ಮಿನುಗಬೇಕು. ನರ್ಸ್ ಬಾಗಿಲಲ್ಲೇ ನಿಂತು ಅದನ್ನು ನೋಡಿ ಮುಂದಿನ ಕೆಲಸಕ್ಕೆ ಹೋಗುತ್ತಾಳೆ.

ಈ ದೀಪವೇ ಸುಪ್ರಭಾಳ ತಲೆ ತಿನ್ನುತ್ತಿತ್ತು. ಶಾಖ ಅಳೆಯುವ ಪ್ರೋಗ್ರಾಮೇ ದೀಪವನ್ನೂ ಮಿನುಗಿಸುತ್ತಿತ್ತು. ಅಳತೆ ಸ್ವಲ್ಪ ತಡವಾದರೆ ದೀಪವೂ ತಡವಾಗುತ್ತಿತ್ತು. ತೊಟ್ಟಿಲು ನೋಡಲು ಬಂದ ಡಾಕ್ಟರೊಬ್ಬರು “ಇದೇನಮ್ಮ, ನಿಮ್ಮ ದೀಪಕ್ಕೆ ಬಿಕ್ಕಳಿಕೆಯೇ?” ಎಂದು ಎಲ್ಲರೆದುರು ನಕ್ಕಿದ್ದರು. ಸುಪ್ರಭಾಳಿಗೆ ತಲೆ ಎತ್ತಲಾಗದಂತಾಗಿತ್ತು.

ಕರ್ನಲ್ ಎಂದರೆ ಕಂಪ್ಯೂಟರಿನಲ್ಲಿ ಎಲ್ಲ ಪ್ರೋಗ್ರಾಮುಗಳ ಕೆಳಗೆ ಕೂತ ಯಜಮಾನ. ಯಾರಿಗೆ ಯಾವಾಗ ಸರದಿ, ಯಾರಿಗೆ ಎಷ್ಟು ಜಾಗ ಎಂದು ಹಂಚುವುದು ಅದರ ಕೆಲಸ. ಮೇಲಿನ ಪ್ರೋಗ್ರಾಮು ಮುಗ್ಗರಿಸಿ ಬಿದ್ದರೂ ಕರ್ನಲ್ ಸುಲಭಕ್ಕೆ ಬೀಳುವುದಿಲ್ಲ. ಪೆಟ್ಟಿಗೆಯ ಮೇಲಿನ ದೀಪಗಳನ್ನು ಯಾರು ಹೊತ್ತಿಸಬೇಕು ಎಂಬುದನ್ನು ಅದಕ್ಕೆ ಒಂದು ಸಾಲು ಬರೆದು ತಿಳಿಸಬಹುದು. ಪ್ರೋಗ್ರಾಮು ಹೊತ್ತಿಸಲಿ ಎನ್ನಬಹುದು, ನೀನೇ ಹೊತ್ತಿಸು ಎಂದೂ ಹೇಳಬಹುದು. ಕರ್ನಲ್ ತಾನಾಗಿ ಮಿನುಗಿಸುವ ಬಗೆಗಳಲ್ಲಿ ಒಂದರ ಹೆಸರು ಹಾರ್ಟ್‌ಬೀಟ್. ದೀಪ ಎದೆ ಬಡಿದುಕೊಂಡಂತೆ ಎರಡು ಸಲ ಮಿನುಗುತ್ತದೆ, ತುಸು ಸುಮ್ಮನಿರುತ್ತದೆ, ಮತ್ತೆ ಎರಡು ಸಲ ಮಿನುಗುತ್ತದೆ. ಅದಕ್ಕೆ ಬಿಕ್ಕಳಿಕೆ ಬರುವುದಿಲ್ಲ.

“ಕೊಡಬಹುದು. ಒಂದು ಸಾಲಿನ ಕೆಲಸ,” ಎಂದರು ಮೇಷ್ಟ್ರು.

ಸುಪ್ರಭಾಳಿಗೆ ಅಷ್ಟೇ ಸಾಕಾಗಿತ್ತು. ಅವಳು ಕೀಲಿಮಣೆಯ ಕಡೆ ಕೈ ಚಾಚಿದಳು. ಮೇಷ್ಟ್ರು ಬೆರಳೆತ್ತಿದರು.

“ಆ ಸಾಲು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಒಂದು ಕತೆ ಕೇಳು.”

ಮೇಷ್ಟ್ರ ಕತೆಗಳೆಂದರೆ ಸುಪ್ರಭಾಳಿಗೆ ಇಷ್ಟ. ಆದರೆ ಅಂದು ಸಂಜೆಯೊಳಗೆ ತೊಟ್ಟಿಲಿನ ಕಂಪ್ಯೂಟರನ್ನು ಕಾರ್ಖಾನೆಗೆ ಒಪ್ಪಿಸಬೇಕಿತ್ತು. ಅವಳು ಒಲ್ಲದ ಮನಸ್ಸಿನಿಂದ ಕೈ ಹಿಂದೆಗೆದು ಕೂತಳು. ಮೇಷ್ಟ್ರು ಕತೆ ತೆಗೆದರು.

ಬಿಜಾಪುರದ ಕಡೆ ಒಂದೂರು. ಅಲ್ಲೊಬ್ಬ ರೈತ. ಅವನ ಮನೆಯ ಮುಂದೆ ಹಗೇವು ಇತ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಈಗ ಹಗೇವುಗಳನ್ನು ಕೇಳುವವರಿಲ್ಲ. ಆ ಊರಿನ ಕೆಲವರು ಮಾತ್ರ ಬೀಜದ ಜೋಳಕ್ಕೆ ಇದೇ ಸೈ ಎಂದು ಇನ್ನೂ ತುಂಬುತ್ತಿದ್ದರು. ಈ ರೈತನೂ ಅವರಲ್ಲಿ ಒಬ್ಬ.

ಹಗೇವಿಗೆ ಒಂದು ಕೆಟ್ಟ ಗುಣವಿದೆ. ಮುಚ್ಚಿಟ್ಟ ಕಾಳು ಒಳಗೇ ಉಸಿರಾಡುತ್ತದೆ. ಒಳ್ಳೆಯ ಗಾಳಿಯನ್ನೆಲ್ಲ ತಿಂದು ಕೆಟ್ಟ ಗಾಳಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗೊತ್ತಿಲ್ಲದೆ ಇಳಿದವನು ನಾಲ್ಕು ಉಸಿರಿಗೆ ಬೀಳುತ್ತಾನೆ. ಅದಕ್ಕೇ ಆ ಊರಲ್ಲಿ ಒಂದು ಪದ್ಧತಿ ಇತ್ತು. ಹಗೇವಿನ ಬಾಯಿ ತೆಗೆದು ಒಂದು ದಿನ ಹಾಗೇ ಬಿಡುತ್ತಾರೆ. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ಕಂದೀಲು ಉರಿಯುತ್ತಿದ್ದರೆ ಇಳಿಯುತ್ತಾರೆ. ಆರಿದರೆ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಮತ್ತೊಂದು ದಿನ ಕಾಯುತ್ತಾರೆ. ಇಳಿದವನು ಮೇಲಿನವರ ಜೊತೆ ಮಾತಾಡುತ್ತಲೇ ಕೆಲಸ ಮಾಡಬೇಕೆನ್ನುವುದೂ ರೂಢಿ.

ರೈತನ ಅಕ್ಕನ ಮಗ ಒಬ್ಬ ಎಂಜಿನಿಯರ್. ಪೇಟೆಯಲ್ಲಿದ್ದರೂ ಮಾವನ ಮನೆಯ ನಂಟು ಬಿಟ್ಟವನಲ್ಲ. ರಜೆಗೊಮ್ಮೆ ಬರುತ್ತಿದ್ದ, ಅತ್ತೆ ಮಾಡಿದ ರೊಟ್ಟಿಯನ್ನು ಎಣಿಸದೆ ತಿನ್ನುತ್ತಿದ್ದ. ಪಕ್ಕದ ಊರಲ್ಲಿ ಒಬ್ಬಾತ ಹಗೇವಿಗಿಳಿದು ಸತ್ತ ಸುದ್ದಿ ಕೇಳಿದ ಮೇಲೆ ಅವನಿಗೆ ಮಾವನದೇ ಚಿಂತೆ ಹತ್ತಿತು. ಕಂದೀಲಿಗೆ ಎಣ್ಣೆ ಮುಗಿದರೆ? ಗಾಳಿ ಬೀಸಿ ಆರಿದರೆ? ಆರಿದ್ದು ಕಾಣದಿದ್ದರೆ? ಅವನು ಕೂತು ಒಂದು ಡಬ್ಬಿ ತಯಾರಿಸಿದ. ಅದರೊಳಗೆ ಅಂಗೈಯಗಲದ ಕಂಪ್ಯೂಟರು, ಗಾಳಿ ಅಳೆಯುವ ಸೆನ್ಸರು, ಒಂದು ಪೀಪಿ. ಮೇಲೆ ಎರಡು ದೀಪ, ಒಂದು ಕೆಂಪು, ಒಂದು ಹಸಿರು. ಗಾಳಿ ಕೆಟ್ಟಿದ್ದರೆ ಕೆಂಪು ಹತ್ತಿ ಪೀಪಿ ಕೂಗಬೇಕು. ಗಾಳಿ ಚೆನ್ನಾಗಿದ್ದರೆ ಹಸಿರು ಮಿನುಗುತ್ತಿರಬೇಕು.

ಇದೆಲ್ಲ ಮಾವನ ಮೇಲಿನ ಪ್ರೀತಿಯಿಂದ ಮಾಡಿದ್ದು. ಅದನ್ನು ಮರೆಯಬೇಡ.

ಮೊದಲ ಸಲ ಡಬ್ಬಿಯನ್ನೂ ಕಂದೀಲನ್ನೂ ಒಟ್ಟಿಗೆ ಇಳಿಬಿಟ್ಟರು. ಕಂದೀಲು ಉರಿಯಿತು, ಹಸಿರು ಮಿನುಗಿತು. ಇನ್ನೊಬ್ಬರ ಹಗೇವಿನಲ್ಲಿ ಕಂದೀಲು ಆರಿತು. ಅದೇ ಗಳಿಗೆಗೆ ಕೆಂಪು ಹತ್ತಿ ಪೀಪಿ ಕೂಗಿಕೊಂಡಿತು. ಊರು ಮೂಗಿನ ಮೇಲೆ ಬೆರಳಿಟ್ಟಿತು. ರೈತ ಸಿಕ್ಕವರಿಗೆಲ್ಲ ಅಳಿಯನ ಡಬ್ಬಿಯ ಸುದ್ದಿ ಹೇಳಿದ್ದೇ ಹೇಳಿದ್ದು.

ಒಂದೇ ಒಂದು ಕೊರತೆ ಉಳಿಯಿತು. ಹಸಿರು ದೀಪ ಆಗಾಗ ತಡವರಿಸುತ್ತಿತ್ತು. ಸೆನ್ಸರು ಉತ್ತರ ಕೊಡಲು ಮೀನಮೇಷ ಎಣಿಸಿದರೆ ಪ್ರೋಗ್ರಾಮು ಕಾಯುತ್ತಿತ್ತು. ಪ್ರೋಗ್ರಾಮು ಕಾದಾಗ ದೀಪವೂ ನಿಂತುಬಿಡುತ್ತಿತ್ತು. ಮೇಲೆ ನಿಂತವರು ಗಾಬರಿಯಾಗುತ್ತಿದ್ದರು. ಆಮೇಲೆ ಅದು ಮತ್ತೆ ಮಿನುಗಿದರೆ ನಗುತ್ತಿದ್ದರು.

“ಏನೋ ತಮ್ಮಾ, ನಿನ್ನ ದೀಪ ತೂಕಡಸ್ತೈತಲ್ಲೋ!” ಎಂದ ರೈತನ ತಮ್ಮ. ಅವನು ಊರಿಗೇ ಗೊತ್ತಿದ್ದ ತಮಾಷೆಗಾರ.

ಎಲ್ಲರೂ ನಕ್ಕರು. ಎಂಜಿನಿಯರನೂ ನಕ್ಕ. ಒಳಗೊಳಗೆ ಅವನಿಗೆ ಚುರುಕ್ ಎಂದಿತ್ತು. ಅಷ್ಟು ಒಳ್ಳೆಯ ಡಬ್ಬಿ ಮಾಡಿ ಒಂದು ದೀಪದಿಂದ ಮಾನ ಹೋಗುವುದೇ? ಆ ದೀಪವನ್ನು ಪ್ರೋಗ್ರಾಮಿನ ಕೈಯಿಂದ ಬಿಡಿಸಿ ಕರ್ನಲ್ ಕೈಗೆ ಕೊಟ್ಟ. ಹಾರ್ಟ್‌ಬೀಟ್ ಎಂದು ಒಂದು ಸಾಲು ಬರೆದ. ಅಂದಿನಿಂದ ಹಸಿರು ದೀಪ ಒಮ್ಮೆಯೂ ತೂಕಡಿಸಲಿಲ್ಲ.

ಇಲ್ಲಿಗೆ ಬಂದಾಗ ಸುಪ್ರಭಾಳ ಕಿವಿ ಬಿಸಿಯಾಯಿತು. ಮೇಷ್ಟ್ರು ಅವಳನ್ನು ನೋಡಲಿಲ್ಲ. ಅವರ ಕಣ್ಣು ಮೇಜಿನ ಮೇಲಿತ್ತು.

“ಅವನು ಕೆಂಪು ದೀಪವನ್ನು ಪ್ರೋಗ್ರಾಮಿನ ಕೈಯಲ್ಲೇ ಬಿಟ್ಟಿದ್ದನಲ್ಲ, ಮೇಷ್ಟ್ರೇ,” ಎಂದಳು ಅವಳು. “ಗಾಳಿ ಕೆಟ್ಟರೆ ಅದು ಹತ್ತಿಯೇ ಹತ್ತುತ್ತದೆ.”

“ಅವನೂ ಹಾಗೇ ಅಂದುಕೊಂಡ,” ಎಂದು ಮೇಷ್ಟ್ರು ಮುಂದುವರಿಸಿದರು.

ಬಿತ್ತನೆಯ ಕಾಲ ಬಂತು. ರೈತ ಹಗೇವಿನಿಂದ ಮೇಲಿನ ಅರ್ಧ ಜೋಳವನ್ನು ಹಿಂದೆಯೇ ತೆಗೆದು ಬಾಯಿ ಮುಚ್ಚಿದ್ದ. ಉಳಿದ ಅರ್ಧ ತಳದಲ್ಲಿತ್ತು. ಕಲ್ಲು ಸರಿಸಿ ರೂಢಿಯಂತೆ ಒಂದು ದಿನ ಬಿಟ್ಟರು. ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದರು. ಎಂಜಿನಿಯರನೂ ಬಂದಿದ್ದ. ರೈತ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಕಂದೀಲು ಹಿಡಿದು ಬಂದ.

“ಮಾವಾ, ಇನ್ನ ಕಂದೀಲ ಯಾಕ್ರಿ? ಎರಡೂ ಒಂದ ಮಾತ ಹೇಳಿದ್ದ ನೋಡೀರಲ್ಲ,” ಎಂದ ಎಂಜಿನಿಯರ್.

“ನೀ ಅಂದಮ್ಯಾಲ ಮುಗೀತ ಬಿಡಪಾ,” ಎಂದು ರೈತ ಕಂದೀಲನ್ನು ಕಟ್ಟೆಯ ಮೇಲಿಟ್ಟ. ಅವನ ಮುಖದಲ್ಲಿ ಹೆಮ್ಮೆಯಿತ್ತು. ಅಳಿಯನ ಮಾತು ಮೀರಿ ಕಂದೀಲು ಇಳಿಬಿಟ್ಟರೆ ನಾಲ್ಕು ಜನರೆದುರು ಅಳಿಯನಿಗೆ ಅವಮಾನ ಎಂದು ಅವನಿಗೆ ಅನಿಸಿರಬೇಕು.

ಡಬ್ಬಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಬಾಯಿಯ ಅಂಚಿನ ಕಲ್ಲಿಗೆ ಅದು ಒಮ್ಮೆ ತಾಗಿತು. ಅಂಥ ಪೆಟ್ಟೇನಲ್ಲ. ಮಗುವಿನ ತಲೆ ಬಾಗಿಲಿಗೆ ತಾಗಿದಷ್ಟು. ಯಾರೂ ಅದನ್ನು ಗಮನಿಸಲಿಲ್ಲ. ಡಬ್ಬಿ ತಳ ಮುಟ್ಟಿತು. ಕೆಂಪು ಹತ್ತಲಿಲ್ಲ. ಪೀಪಿ ಕೂಗಲಿಲ್ಲ. ಹಸಿರು ಎರಡು ಸಲ ಮಿನುಗಿತು, ಸುಮ್ಮನಾಯಿತು, ಎರಡು ಸಲ ಮಿನುಗಿತು.

ರೈತ ಹಗ್ಗ ಹಿಡಿದು ಇಳಿದ. ಗೋಡೆಯ ಮೆಟ್ಟುಗಳಲ್ಲಿ ಕಾಲಿಡುತ್ತಾ, ಮಾತಾಡುತ್ತಾ ಇಳಿದ. ತಳಕ್ಕೆ ಕಾಲು ತಾಗಿದಾಗ ಮೇಲಿನವರಿಗೆ ಕೂಗಿದ.

“ಜ್ವಾಳ ಭಾಳ ಛಲೋ ಅದಾವು. ಒಂದ ಹುಳಾನೂ ಇಲ್ಲ. ಚೀಲಾ ಬಿಡ್ರಿ, ನಾ…”

ಮಾತು ಅಲ್ಲಿಗೆ ನಿಂತಿತು.

ಮೇಲಿನವರು ಚೀಲ ಬಿಟ್ಟರು. ಚೀಲವನ್ನು ಯಾರೂ ಹಿಡಿಯಲಿಲ್ಲ. ತಮ್ಮ ಕೂಗಿದ. ಉತ್ತರ ಬರಲಿಲ್ಲ. ಎಂಜಿನಿಯರ್ ಹಗೇವಿನ ಬಾಯಿಗೆ ಬಗ್ಗಿ ಬ್ಯಾಟರಿ ಬಿಟ್ಟು ನೋಡಿದ. ಮಾವ ಜೋಳದ ಮೇಲೆ ಪಕ್ಕಕ್ಕೆ ವಾಲಿ ಬಿದ್ದಿದ್ದ. ಅವನ ಕೈ ಚೀಲದ ಕಡೆ ಚಾಚಿತ್ತು.

“ಗಾಳಿ ಕೆಟ್ಟೈತೇನು?” ಎಂದು ತಮ್ಮ ಕೇಳಿದ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಸುಪ್ರಭಾ, ಈಗ ಆಗುವುದನ್ನು ಸರಿಯಾಗಿ ಕೇಳು. ಕಣ್ಣೆದುರು ಒಬ್ಬ ಮನುಷ್ಯ ಬಿದ್ದಿದ್ದಾನೆ. ಏನೂ ಓದದವನಿಗೂ ಅದು ಕಾಣುತ್ತದೆ. ಈ ಎಂಜಿನಿಯರ್ ಮನುಷ್ಯನನ್ನು ಬಿಟ್ಟು ದೀಪ ನೋಡಿದ. ಹಸಿರು ಮಿನುಗುತ್ತಿತ್ತು. ಕೆಂಪು ಹತ್ತಿರಲಿಲ್ಲ. ಹಸಿರಿನ ಬಡಿತ ಮೊದಲಿಗಿಂತ ಸ್ವಲ್ಪ ಜೋರಾಗಿಯೇ ಇತ್ತು.

“ಗಾಳಿ ಛಲೋ ಐತ್ರಿ! ಹಸರ ಬಡಿಯಾಕತ್ತೈತಿ ನೋಡ್ರಿ. ಮಾವಗ ಎದಿ ನೋವು ಬಂದಿರಬೇಕು. ಲಗೂನ ಇಳೀರಿ, ಲಗೂನ!”

ತಮ್ಮ ಇಳಿದ. ಎದೆ ನೋವು ಎಂದ ಮೇಲೆ ಯಾರು ತಾನೆ ನಿಲ್ಲುತ್ತಾರೆ? ಹಗ್ಗ ಹಿಡಿದು ಜಾರಿಕೊಂಡೇ ಹೋದ. ಅಣ್ಣನ ತೋಳು ಹಿಡಿದು ಎತ್ತಲು ಬಗ್ಗಿದ. ಬಗ್ಗಿದವನು ಏಳಲಿಲ್ಲ. ಅಣ್ಣನ ಮೇಲೆಯೇ ಕವುಚಿ ಬಿದ್ದ.

ಮೇಲೆ ನಿಂತವರು ಹಗ್ಗದಿಂದ ಹಿಂದೆ ಸರಿದರು. ಒಬ್ಬನಿಗೆ ಎದೆ ನೋವು ಬರಬಹುದು. ಬೆನ್ನ ಹಿಂದೆಯೇ ಇನ್ನೊಬ್ಬನಿಗೂ ಬರುತ್ತದೆಯೇ? ಎಂಜಿನಿಯರ್ ಮಾತ್ರ ಇನ್ನೂ ಹಸಿರು ದೀಪವನ್ನೇ ನೋಡುತ್ತಿದ್ದ. ಅವನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಹಸಿರು ಇದೆ, ಹಸಿರು ಇದೆ. ನಾನೇ ಇಳಿಯುತ್ತೇನೆ ಎಂದು ಅವನು ಹಗ್ಗಕ್ಕೆ ಕೈ ಹಾಕಿದ. ಇಬ್ಬರು ಅವನ ಸೊಂಟ ಹಿಡಿದರು. ಅವನು ಕೊಸರಿಕೊಂಡ, ಬೈದ, ಅತ್ತ. ಗಾಳಿ ಚೆನ್ನಾಗಿದೆ ಬಿಡಿ ಎಂದು ಕೂಗಿದ. ಬಿಟ್ಟಿದ್ದರೆ ಅಲ್ಲಿ ಮೂರು ಹೆಣ ಬೀಳುತ್ತಿದ್ದವು.

ರೈತನ ಹೆಂಡತಿ ಅಷ್ಟು ಹೊತ್ತೂ ಅಲ್ಲೇ ನಿಂತಿದ್ದಳು. ಅವಳು ಕಟ್ಟೆಯ ಮೇಲಿನ ಕಂದೀಲು ತೆಗೆದುಕೊಂಡಳು. ಮೊದಲ ಕಡ್ಡಿ ಮುರಿಯಿತು. ಇನ್ನೊಂದು ಗೀರಿದಳು. ಕಂದೀಲಿಗೆ ಹಗ್ಗ ಕಟ್ಟಿ ಹಗೇವಿನೊಳಗೆ ಇಳಿಬಿಟ್ಟಳು. ಹಗೇವಿನ ಕುತ್ತಿಗೆ ದಾಟುತ್ತಿದ್ದಂತೆ ಉರಿ ಸಣ್ಣದಾಯಿತು. ಇನ್ನಷ್ಟು ಇಳಿಯಿತು, ನೀಲಿಯಾಯಿತು, ಆರಿತು.

ಒಳಗೆ ಕತ್ತಲಾಯಿತು. ಆ ಕತ್ತಲಲ್ಲಿ, ಬಿದ್ದ ಇಬ್ಬರ ಪಕ್ಕದಲ್ಲಿ, ಹಸಿರು ದೀಪ ಎರಡು ಸಲ ಮಿನುಗಿತು. ಸುಮ್ಮನಾಯಿತು. ಮತ್ತೆ ಎರಡು ಸಲ ಮಿನುಗಿತು.

ಅಲ್ಲಿದ್ದವರೆಲ್ಲ ಅದನ್ನು ಕಂಡರು. ಸೊಂಟ ಹಿಡಿದಿದ್ದವರು ಕೈಬಿಟ್ಟರು. ಎಂಜಿನಿಯರ್ ಇಳಿಯಲಿಲ್ಲ, ನಿಂತಲ್ಲೇ ಕೂತುಬಿಟ್ಟ. ಆ ಡಬ್ಬಿ ಯಾರದು, ಆ ಸಾಲು ಯಾರು ಬರೆದದ್ದು, ಇಳಿಯಿರಿ ಎಂದು ಕೂಗಿದ ದನಿ ಯಾರದು ಎಂದು ಅವನಿಗೆ ಒಟ್ಟಿಗೇ ನೆನಪಾಯಿತು.

ಜನ ಗಾಳಿ ಊದುವ ಯಂತ್ರ ತಂದರು. ಹಗೇವಿಗೆ ಗಾಳಿ ತುಂಬಿದರು. ಮತ್ತೆ ಕಂದೀಲು ಬಿಟ್ಟು ನೋಡಿದರು. ಅದು ಆರದೆ ನಿಂತ ಮೇಲೆ ಇಳಿದು ಇಬ್ಬರನ್ನೂ ಮೇಲೆ ತಂದರು. ಆ ಹೊತ್ತಿಗೆ ಇಬ್ಬರ ಮೈಯೂ ತಣ್ಣಗಾಗಿತ್ತು. ಅಂಗಳದಲ್ಲಿ ಅಣ್ಣ ತಮ್ಮಂದಿರನ್ನು ಪಕ್ಕಪಕ್ಕದಲ್ಲಿ ಮಲಗಿಸಿದರು. ಯಾರೋ ಡಬ್ಬಿಯನ್ನೂ ತಂದು ಅವರ ಕಾಲ ಬಳಿ ಇಟ್ಟರು. ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಎಂಜಿನಿಯರ್ ಲ್ಯಾಪ್‌ಟಾಪ್ ತಂದು ಡಬ್ಬಿಗೆ ಜೋಡಿಸಿದ. ಹೆಣದ ಮುಂದೆ ಕಂಪ್ಯೂಟರ್ ಬಿಚ್ಚಿ ಕೂತನಲ್ಲ, ಎಂಥ ಕಲ್ಲೆದೆಯವನು ಎಂದು ಕೆಲವರು ಛೀ ಎಂದರು. ಅವನಿಗೆ ಅದು ಕೇಳಿಸಲಿಲ್ಲ. ಅವನಿಗೆ ತಿಳಿಯಲೇಬೇಕಾಗಿತ್ತು. ಬರೆದದ್ದನ್ನು ಅಳಿಸಿ ಅಳಿಸಿ ಬರೆದ.

ನೋಡಿದರೆ ಆಗಿದ್ದು ಇಷ್ಟು. ಡಬ್ಬಿ ಕಲ್ಲಿಗೆ ತಾಗಿದಾಗ ಸೆನ್ಸರಿನ ತಂತಿ ಸಡಿಲಾಗಿತ್ತು. ಪ್ರೋಗ್ರಾಮು ಗಾಳಿ ಹೇಗಿದೆ ಎಂದು ಸೆನ್ಸರನ್ನು ಕೇಳಿತ್ತು. ಸೆನ್ಸರಿನಿಂದ ಉತ್ತರ ಬರಲಿಲ್ಲ. ಪ್ರೋಗ್ರಾಮು ಕಾಯುತ್ತಾ ನಿಂತಿತು. ಹಗೇವಿಗೆ ಇಳಿದಾಗಲೂ ಕಾಯುತ್ತಿತ್ತು, ಮೊದಲನೆಯವನು ಬಿದ್ದಾಗಲೂ ಕಾಯುತ್ತಿತ್ತು, ಎರಡನೆಯವನು ಬಿದ್ದಾಗಲೂ ಕಾಯುತ್ತಿತ್ತು. ಅಂಗಳದಲ್ಲಿ ಹೆಣಗಳ ಕಾಲ ಬಳಿ ಕೂತು ಈಗಲೂ ಕಾಯುತ್ತಿತ್ತು. ಕೆಂಪು ದೀಪ ಹೊತ್ತಿಸುವುದು ಅದರ ಮುಂದಿನ ಕೆಲಸ. ಆ ಕೆಲಸದ ಸರದಿ ಬರಲೇ ಇಲ್ಲ.

ಕರ್ನಲ್ಲಿಗೆ ಏನೂ ಆಗಿರಲಿಲ್ಲ. ಅದು ಗಟ್ಟಿಮುಟ್ಟಾಗಿತ್ತು. ಒಂದು ಬಡಿತವನ್ನೂ ತಪ್ಪಿಸಿರಲಿಲ್ಲ. ಹೀಗೆ ಯಾರಾದರೂ ಸಿಕ್ಕಿಕೊಂಡು ಕಾಯುತ್ತಾ ನಿಂತರೆ ಕರ್ನಲ್ ಅದನ್ನೂ ಕೆಲಸದ ಹೊರೆ ಎಂದೇ ಲೆಕ್ಕ ಹಿಡಿಯುತ್ತದೆ. ಹೊರೆ ಏರಿದಂತೆ ಹಾರ್ಟ್‌ಬೀಟಿನ ಬಡಿತವೂ ಏರುತ್ತದೆ. ಅದಕ್ಕೇ ದೀಪ ಮೊದಲಿಗಿಂತ ಜೋರಾಗಿ ಮಿನುಗಿದ್ದು. ಆ ಜೋರು ನೋಡಿಯೇ ಅವನು ಗಾಳಿ ಚೆನ್ನಾಗಿದೆ ಎಂದು ಕೂಗಿದ್ದು.

ಹಿಂದೆ ದೀಪ ಪ್ರೋಗ್ರಾಮಿನ ಕೈಯಲ್ಲಿದ್ದಾಗ, ಪ್ರೋಗ್ರಾಮು ಕಾದರೆ ದೀಪವೂ ನಿಲ್ಲುತ್ತಿತ್ತು. ಅದನ್ನೇ ಜನ ತೂಕಡಿಕೆ ಎಂದು ನಕ್ಕಿದ್ದರು. ಅದನ್ನೇ ಅವನು ರಿಪೇರಿ ಮಾಡಿದ್ದ. ಅಂದು ತೂಕಡಿಸುವ ದೀಪವೇ ಇದ್ದಿದ್ದರೆ ಅದು ನಿಂತಲ್ಲೇ ನಿಂತುಬಿಡುತ್ತಿತ್ತು. ದೀಪ ನಿಂತಿದ್ದು ಕಂಡಿದ್ದರೆ ಮಾವ ಹಗೇವಿಗೆ ಕಾಲಿಡುತ್ತಿರಲಿಲ್ಲ. ಇದು ಅವನಿಗೆ ಆಗ ಹೊಳೆಯಿತು.

ಅತ್ತೆ ಬಂದು ಅವನ ಎದುರು ಕೂತಳು. ಅವಳು ಅಳುತ್ತಿರಲಿಲ್ಲ. ಅಳು ಇನ್ನೂ ಬಂದಿರಲಿಲ್ಲ. ಅವಳು ಡಬ್ಬಿಯನ್ನೇ ನೋಡುತ್ತಿದ್ದಳು. ಹಸಿರು ಎರಡು ಸಲ ಮಿನುಗಿತು.

“ಅದು ಹತ್ತೇ ಇತ್ತಲ್ಲೋ ಯಪ್ಪಾ,” ಎಂದಳು. “ಇಬ್ಬರ ಜೀವಾ ಹೋಗೂಮುಂದನೂ ಹತ್ತೇ ಇತ್ತು. ಏನಂತ ಹೇಳಾಕತ್ತಿತ್ತು ಅದು?”

ಅವಳ ಮಾತಿನಲ್ಲಿ ಬೈಗುಳವಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ತಿಳಿದುಕೊಳ್ಳಬೇಕಿತ್ತು. ಬೈದಿದ್ದರೆ ಅವನು ಹೇಗೋ ತಾಳಿಕೊಳ್ಳುತ್ತಿದ್ದ. ಸುಳ್ಳು ಹೇಳೋಣವೆಂದರೆ ಒಂದು ಸುಳ್ಳೂ ನಾಲಿಗೆಗೆ ಬರಲಿಲ್ಲ.

“ನಾ ಅರಾಮ ಅದೀನಿ ಅಂತ ಹೇಳಾಕತ್ತಿತ್ತು, ಅತ್ತಿ,” ಎಂದ.

ಅತ್ತೆ ಗಂಡನ ಮುಖ ನೋಡಿದಳು. ಮೈದುನನ ಮುಖ ನೋಡಿದಳು. ಮತ್ತೆ ಡಬ್ಬಿಯನ್ನು ನೋಡಿದಳು. ಆಗ ಅವಳಿಗೆ ಅಳು ಬಂತು. ಆ ಅಳು ಊರಿನ ಆ ತುದಿಗೂ ಕೇಳಿಸಿತಂತೆ.

ಮೇಷ್ಟ್ರು ಕತೆ ನಿಲ್ಲಿಸಿದರು.

ಸುಪ್ರಭಾಳ ಕಂಪ್ಯೂಟರಿನ ಪರದೆಯ ಮೇಲೆ ಆ ಒಂದು ಸಾಲಿಗೆ ಜಾಗ ಖಾಲಿಯಿತ್ತು. ಕತೆ ಶುರುವಾಗುವ ಮೊದಲು ಕೈ ಅದರ ಮೇಲೇ ಹೋಗಿತ್ತಲ್ಲ ಎಂದು ಅವಳಿಗೆ ಭಯವಾಯಿತು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಕೇಳಿದಳು.

“ಹಾಗಾದರೆ ಹಾರ್ಟ್‌ಬೀಟ್ ಹಾಕಲೇಬಾರದೇ, ಮೇಷ್ಟ್ರೇ?”

“ಯಾಕೆ ಹಾಕಬಾರದು? ಕರ್ನಲ್ ನೆಟ್ಟಗಿದೆಯೇ ಎಂದು ತಿಳಿಯಬೇಕಾದವರಿಗೆ ಅದು ಬೇಕು. ಒಳ್ಳೆಯ ದೀಪ ಅದು.”

“ಮತ್ತೆ ನನ್ನ ತೊಟ್ಟಿಲಿನ ದೀಪ? ಪ್ರೋಗ್ರಾಮಿನ ಕೈಯಲ್ಲಿದ್ದರೆ ತಡವರಿಸುತ್ತದೆ. ಕರ್ನಲ್ ಕೈಗೆ ಕೊಡಲು ಈಗ ಹೆದರಿಕೆ. ಅದು ಹೇಗೆ ಹತ್ತಬೇಕು, ನೀವೇ ಹೇಳಿ.”

ಮೇಷ್ಟ್ರು ಅವಳ ಕಡೆ ತಿರುಗಿದರು.

“ಹತ್ತುವುದು ಹಾಗಿರಲಿ ಸುಪ್ರಭಾ, ನಿನ್ನ ದೀಪ ಯಾರ ಜೊತೆ ಸಾಯುತ್ತದೆ?”

ಸುಪ್ರಭಾ ಆ ಖಾಲಿ ಜಾಗವನ್ನು ಹಾಗೇ ಮುಚ್ಚಿ, ಶಾಖ ಅಳೆಯುವ ಪ್ರೋಗ್ರಾಮನ್ನು ತೆರೆದಳು.